ರೇಡಿಯೋ ಮುಂದೆ ಕೂತ ಇಪ್ಪತ್ತು ಮಂದಿ

2025ರ ಆಗಸ್ಟ್ ಮೊದಲ ವಾರ. ರಾತ್ರಿ ಒಂಬತ್ತೂವರೆಯ ಕಾಲ್. ಹೊರಗೆ ಘಣಸೋಲಿಯ ಮಳೆ, ಕಿವಿಗೆ ಹೆಡ್‌ಫೋನು. ಅಮೆರಿಕದ ಕಡೆಯಿಂದ ಸೇರಬೇಕಾದವರು ಇನ್ನೂ ಬಂದಿರಲಿಲ್ಲ. ಬಂದಿದ್ದವರು ಒಬ್ಬರೇ, ನಮ್ಮ ಯೋಜನೆಯ ಹಿರಿಯ ಸಹೋದ್ಯೋಗಿ, ಅಲ್ಲಿನ ಒಂದು ಸಣ್ಣ ಊರಿನವರು. ಬೇಸರದಲ್ಲಿದ್ದಂತೆ ಕಂಡರು. ಕೇಳಿದೆ. ಅವರ ಊರಿನ ಸಾರ್ವಜನಿಕ ರೇಡಿಯೋ ಕೇಂದ್ರಕ್ಕೆ ಸರ್ಕಾರದ ಹಣ ನಿಂತುಹೋಗಲಿದೆ, ಕೇಂದ್ರ ಉಳಿಯುತ್ತದೋ ಇಲ್ಲವೋ ಎಂದರು. 'ಈಗ ಪಾಡ್‌ಕಾಸ್ಟ್ ಇವೆಯಲ್ಲ' ಎಂದು ನಾನು ಸಮಾಧಾನಕ್ಕೆ ಹೇಳಿದೆ. 'ನಮ್ಮೂರಿನ ಶಾಲಾ ಮಂಡಳಿ ನಿನ್ನೆ ರಾತ್ರಿ ಏನು ತೀರ್ಮಾನ ಮಾಡಿತು ಅಂತ ಯಾವ ಪಾಡ್‌ಕಾಸ್ಟ್ ಹೇಳುತ್ತದೆ?' ಎಂದು ಅವರು ಕೇಳಿದರು.

ನಾನು ಸುಮ್ಮನಾದೆ. ನಮ್ಮೂರಿನಲ್ಲಿ ಯಾರು ಏನು ತೀರ್ಮಾನ ಮಾಡುತ್ತಾರೆಂದು ಯಾರಾದರೂ ನನ್ನನ್ನು ಕೇಳಿದ್ದರೆ ಉತ್ತರ ಇರಲಿಲ್ಲ. ನವಿ ಮುಂಬಯಿ ಮಹಾನಗರಪಾಲಿಕೆಗೆ 2015ರಲ್ಲಿ ಆರಿಸಿಬಂದ 111 ನಗರಸೇವಕರ ಅವಧಿ 2020ರಲ್ಲೇ ಮುಗಿದಿತ್ತು. ಅಂದಿನಿಂದ ಐದು ವರ್ಷ ಆಡಳಿತಾಧಿಕಾರಿಯ ಕೈಯಲ್ಲೇ ಊರು ನಡೆದಿತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು, ಕಸದ ಗಾಡಿಯೂ ಬರುತ್ತಿತ್ತು. ಆರಿಸಿಬಂದವರು ಯಾರೂ ಇಲ್ಲ ಎಂಬುದು ನಮ್ಮಂಥವರಿಗೆ ಗೊತ್ತೂ ಆಗಿರಲಿಲ್ಲ.

ಆ ರಾತ್ರಿ ಶುರುವಾದ ಕುತೂಹಲ ನನ್ನನ್ನು ಎಲ್ಲೆಲ್ಲಿಗೋ ಕರೆದೊಯ್ದಿತು. ರೇಡಿಯೋಗೂ ಪ್ರಜಾಪ್ರಭುತ್ವಕ್ಕೂ ಏನು ಸಂಬಂಧ ಎಂದು ಅಮೆರಿಕದಲ್ಲಿ ಹುಡುಕಲು ಹೊರಟವನು ಮೈಸೂರು, ಧಾರವಾಡ, ಬೂದಿಕೋಟೆ ಸುತ್ತಿ ಕೊನೆಗೆ ನಮ್ಮ ಮನೆಯಿಂದ ಖಾಡಿ ದಾಟಿದರೆ ಸಿಗುವ ದೇವನಾರಕ್ಕೇ ಬಂದು ನಿಂತೆ. ಆ ಸುತ್ತಾಟದ ವರದಿ ಇದು.

ಮೊದಲು ಅಮೆರಿಕದ ಮಾತು. ಅಲ್ಲಿ ರೇಡಿಯೋ ಮೊದಲಿನಿಂದಲೂ ವ್ಯಾಪಾರಿಗಳದ್ದು. ಆದರೂ ಅದನ್ನು ಊರಿನ ಕಟ್ಟೆಯಂತೆ ಬಳಸಬಹುದೇ ಎಂಬ ಯೋಚನೆ ಬೇಗನೇ ಬಂತು. 1935ರ ಮೇ 30ರಂದು ಎನ್‌ಬಿಸಿ ಜಾಲದಲ್ಲಿ 'ಅಮೆರಿಕಾಸ್ ಟೌನ್ ಮೀಟಿಂಗ್ ಆಫ್ ದಿ ಏರ್' ಎಂಬ ಕಾರ್ಯಕ್ರಮ ಆರಂಭವಾಯಿತು. ನಡೆಸಿದವರು ಜಾರ್ಜ್ ಡೆನ್ನಿ. ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಜನ ಸೇರುತ್ತಿದ್ದರು, ಭಿನ್ನಾಭಿಪ್ರಾಯದ ಭಾಷಣಕಾರರು ಮಾತಾಡುತ್ತಿದ್ದರು, ಸಭಿಕರು ಎದ್ದುನಿಂತು ಪ್ರಶ್ನೆ ಕೇಳುತ್ತಿದ್ದರು. ಮೊದಲ ದಿನದ ವಿಷಯವೇ ಅಮೆರಿಕದ ದಾರಿ ಯಾವುದು: ಫ್ಯಾಸಿಸಂ, ಕಮ್ಯುನಿಸಂ, ಸಮಾಜವಾದ, ಇಲ್ಲವೇ ಪ್ರಜಾಪ್ರಭುತ್ವ? ಜರ್ಮನಿಯಲ್ಲಿ ಹಿಟ್ಲರನ ಸರ್ಕಾರ 1933ರಿಂದಲೇ ಅಗ್ಗದ 'ಜನತಾ ರೇಡಿಯೋ' ಪೆಟ್ಟಿಗೆಯನ್ನು ಮನೆಮನೆಗೆ ತಲುಪಿಸುತ್ತಿದ್ದ ಕಾಲ ಅದು. ಅಲ್ಲಿ ಒಬ್ಬ ಮಾತಾಡುತ್ತಿದ್ದ, ಕೋಟಿ ಜನ ಕೇಳುತ್ತಿದ್ದರು. ಟೌನ್ ಮೀಟಿಂಗ್ ಅದರ ತಿರುವುಮುರುವು. ಊರೂರುಗಳಲ್ಲಿ ಜನ ಗುಂಪಾಗಿ ಕೂತು ಅದನ್ನು ಕೇಳಿ, ಮುಗಿದ ಮೇಲೆ ತಾವೇ ಚರ್ಚಿಸುತ್ತಿದ್ದರು.

ಕೇಳುಗರ ಚಂದಾ ಹಣದಿಂದಲೇ ನಡೆಯುವ ಕೇಂದ್ರ 1949ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಂತು. 1967ರ ನವೆಂಬರ್ 7ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಾರ್ವಜನಿಕ ಪ್ರಸಾರ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರ ಹಣ ಕೊಡಬೇಕು, ಆದರೆ ಸುದ್ದಿಯಲ್ಲಿ ಕೈ ಹಾಕಬಾರದು. ಅದಕ್ಕಾಗಿ ನಡುವೆ ಒಂದು ನಿಗಮ. ಆ ಏರ್ಪಾಡಿನಿಂದ ಹುಟ್ಟಿದ ಎನ್‌ಪಿಆರ್ 1971ರ ಮೇ 3ರಂದು ತನ್ನ ಸಂಜೆಯ ಸುದ್ದಿ ಕಾರ್ಯಕ್ರಮ ಆರಂಭಿಸಿತು. ಅಂದು ವಾಷಿಂಗ್ಟನ್ನಿನ ಬೀದಿಗಳಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆ. ಸ್ಟುಡಿಯೋದ ಗಂಭೀರ ದನಿಯ ಬದಲು ಬೀದಿಯ ಗದ್ದಲವೇ ಮೊದಲ ದಿನ ಪ್ರಸಾರವಾಯಿತು. 2025ರ ಜುಲೈಯಲ್ಲಿ ಅಲ್ಲಿನ ಸಂಸತ್ತು ಆ ನಿಗಮಕ್ಕೆ ಮೀಸಲಿಟ್ಟಿದ್ದ 110 ಕೋಟಿ ಡಾಲರ್ ಹಿಂತೆಗೆದುಕೊಂಡಿತು. ಆಗಸ್ಟ್ 1ರಂದು ನಿಗಮ ತಾನು ಬಾಗಿಲು ಮುಚ್ಚುವುದಾಗಿ ಹೇಳಿತು. ನನ್ನ ಸಹೋದ್ಯೋಗಿಯ ಬೇಸರದ ಹಿನ್ನೆಲೆ ಇದು. ದೊಡ್ಡ ಊರಿನ ಕೇಂದ್ರಗಳಿಗೆ ಚಂದಾ ಕೊಡುವವರಿದ್ದಾರೆ. ಪೆಟ್ಟು ಬೀಳುವುದು ಸಣ್ಣ ಊರುಗಳ ಕೇಂದ್ರಗಳಿಗೆ.

ಈಗ ನಮ್ಮ ಕಡೆಗೆ ಬರೋಣ. ಡೆನ್ನಿಯವರ ಟೌನ್ ಮೀಟಿಂಗ್ ಆರಂಭವಾದ ಅದೇ 1935ರಲ್ಲಿ, ಸೆಪ್ಟೆಂಬರ್ 10ರಂದು, ಮೈಸೂರಿನ ಒಂದು ಮನೆಯಿಂದ ರೇಡಿಯೋ ಮಾತಾಡಿತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಅದರ ಶಕ್ತಿ ಒಂದು ಮನೆಯ ಬಲ್ಬಿನಷ್ಟು. ಕುವೆಂಪು ಕವಿತೆ ಓದಿದರು, ಚೌಡಯ್ಯನವರು ಪಿಟೀಲು ನುಡಿಸಿದರು ಎಂದು ಆ ಮೊದಲ ಸಂಜೆಯನ್ನು ಮೈಸೂರಿಗರು ಇಂದಿಗೂ ನೆನೆಯುತ್ತಾರೆ. ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು ಹೊಳೆದದ್ದು ನಾ. ಕಸ್ತೂರಿಯವರಿಗೆ ಎಂಬ ಮಾತೂ ಇದೆ. ಇಡೀ ದೇಶದ ರೇಡಿಯೋಗೆ ಮುಂದೆ ಬಂದ ಹೆಸರು ಅದೇ.

ಗೋಪಾಲಸ್ವಾಮಿಯವರ ಕೆಲಸವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದರಲ್ಲಿರುವ ಒಂದು ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಅದು ಒಬ್ಬ ನಾಗರಿಕ ಸ್ವಂತ ಇಚ್ಛೆಯಿಂದ ನಡೆಸಿದ ಕೇಂದ್ರ. ಸರ್ಕಾರದ್ದಲ್ಲ, ವ್ಯಾಪಾರಿಯದ್ದೂ ಅಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಅಷ್ಟರೊಳಗೆ ರೇಡಿಯೋ ಸರ್ಕಾರದ ಕೈ ಸೇರಿತ್ತು. 1927ರ ಜುಲೈ 23ರಂದು ಮುಂಬಯಿಯಲ್ಲಿ ವೈಸ್‌ರಾಯ್ ಇರ್ವಿನ್ ಉದ್ಘಾಟಿಸಿದ ಖಾಸಗಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷದಲ್ಲಿ ದಿವಾಳಿಯೆದ್ದು, 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂದು ಹೆಸರಾಯಿತು. ಮೈಸೂರಿನ ಕೇಂದ್ರವನ್ನೂ 1942ರಲ್ಲಿ ಸಂಸ್ಥಾನ ತೆಗೆದುಕೊಂಡಿತು. 1950ರಲ್ಲಿ ಅದು ದಿಲ್ಲಿಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಮೈಸೂರಿಗೆ ಮತ್ತೆ ಕೇಂದ್ರ ಬಂದದ್ದು 1974ರಲ್ಲಿ. ಊರಿನ ದನಿ ಊರಿಗೆ ಹಿಂತಿರುಗಲು ಹತ್ತೊಂಬತ್ತು ವರ್ಷ ಬೇಕಾಯಿತು.

ಸರ್ಕಾರದ ಹಿಡಿತದಾಚೆ ರೇಡಿಯೋ ನಡೆಸಿದ ಇನ್ನೊಂದು ಪ್ರಯತ್ನಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. 1942ರ ಆಗಸ್ಟಿನಲ್ಲಿ ಗೊವಾಲಿಯಾ ಟ್ಯಾಂಕ್ ಮೈದಾನದ ಸಭೆಯ ನಂತರ ನಾಯಕರೆಲ್ಲ ಜೈಲು ಸೇರಿದಾಗ, ಉಷಾ ಮೆಹ್ತಾ ಎಂಬ 22 ವರ್ಷದ ವಿದ್ಯಾರ್ಥಿನಿ ಮತ್ತು ಗೆಳೆಯರು ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿದರು. ಪೊಲೀಸರಿಗೆ ಸಿಗದಂತೆ ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಸಾಗಿಸುತ್ತಿದ್ದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ಆಕೆಗೆ ನಾಲ್ಕು ವರ್ಷ ಸಜೆಯಾಯಿತು. ಪತ್ರಿಕೆಗಳ ಬಾಯಿ ಕಟ್ಟಿದ್ದಾಗ ದೇಶದಲ್ಲಿ ಏನಾಗುತ್ತಿದೆ ಎಂದು ಹೇಳಿದ್ದು ಆ ಮೂರು ತಿಂಗಳ ದನಿ.

ಸ್ವಾತಂತ್ರ್ಯ ಬಂದ ಮೇಲಾದರೂ ರೇಡಿಯೋ ಸರ್ಕಾರದಿಂದ ಬಿಡಿಸಿಕೊಳ್ಳಬಹುದಿತ್ತು. ಆಗಲಿಲ್ಲ. ಆಗ ಮಾಹಿತಿ ಮತ್ತು ಪ್ರಸಾರ ಖಾತೆ ನೋಡಿಕೊಂಡವರಲ್ಲಿ ನಮ್ಮ ಧಾರವಾಡದ ರಂ. ರಾ. ದಿವಾಕರರೂ ಒಬ್ಬರು. ಅವರ ಕಾಲದಲ್ಲಿ, 1950ರ ಜನವರಿ 8ರಂದು, ಸಂವಿಧಾನ ಜಾರಿಗೆ ಬರಲು ಹದಿನೆಂಟು ದಿನ ಇದ್ದಾಗ ಧಾರವಾಡ ಕೇಂದ್ರ ಆರಂಭವಾಯಿತು. ಧಾರವಾಡ ಆಗಿನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರ್ನಾಟಕ ಏಕೀಕರಣವಾಗಲು ಇನ್ನೂ ಆರು ವರ್ಷ ಇತ್ತು. ನಾಲ್ಕೈದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ನಕಾಶೆಯಲ್ಲಿ ಇಲ್ಲದ ಒಂದು ನಾಡು ಅಲೆಯ ಮೇಲೆ ಸಿಕ್ಕಿತು. ರೇಡಿಯೋ ಸರ್ಕಾರದ್ದಾಗಿದ್ದರೂ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ.

1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕುವುದು ಹೇಗೆಂದು ಜನರಿಗೆ ತಿಳಿಸಲು ಆಕಾಶವಾಣಿಯೂ ದುಡಿಯಿತು. ಆದರೆ ಪಕ್ಷಗಳಿಗೆ, ಅದರಲ್ಲೂ ವಿರೋಧ ಪಕ್ಷಗಳಿಗೆ, ಚುನಾವಣೆಯ ಹೊತ್ತಿನಲ್ಲಿ ರೇಡಿಯೋದಲ್ಲಿ ಮಾತಾಡಲು ಸಮಯ ಸಿಗಲು 1977ರವರೆಗೆ ಕಾಯಬೇಕಾಯಿತು. ಕಾಲು ಶತಮಾನ ಮತದಾರ ಮತ ಹಾಕಿದ. ಸರ್ಕಾರದ ದನಿಯನ್ನಷ್ಟೇ ಕೇಳಿದ.

ಇಲ್ಲಿಗೆ ಬಂದಾಗ ನನಗೆ ಸಿಕ್ಕಿದ್ದು ದೇವನಾರದ ಕಥೆ. ನಾನು ಈ ಲೇಖನ ಬರೆಯಲು ಕಾರಣವೇ ಅದು.

1956ರಲ್ಲಿ ಯುನೆಸ್ಕೋ ನೆರವಿನಿಂದ ಆಕಾಶವಾಣಿಯ ಪುಣೆ ಕೇಂದ್ರ ಒಂದು ಪ್ರಯೋಗ ನಡೆಸಿತು. ಕೆನಡಾದಲ್ಲಿ 1941ರಿಂದ ರೈತರು ಗುಂಪಾಗಿ ಕೂತು ರೇಡಿಯೋ ಕೇಳಿ ಚರ್ಚಿಸುವ ಏರ್ಪಾಡು ನಡೆದುಬಂದಿತ್ತು. ಅದನ್ನು ಇಲ್ಲಿ ಮಾಡಿ ನೋಡೋಣ ಎಂದು ಪುಣೆ, ಅಹ್ಮದ್‌ನಗರ, ನಾಸಿಕ್, ಉತ್ತರ ಸಾತಾರಾ ಮತ್ತು ಕೊಲ್ಹಾಪುರ, ಈ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳನ್ನು ಆರಿಸಿಕೊಂಡರು. ಒಂದೊಂದು ಹಳ್ಳಿಯಲ್ಲಿ ಸುಮಾರು ಇಪ್ಪತ್ತು ಜನರ ಒಂದು ಶ್ರೋತೃಕೂಟ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಸಂಚಾಲಕ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೆ ಎರಡು ಸಂಜೆ ಅರ್ಧ ಗಂಟೆಯ ಕಾರ್ಯಕ್ರಮ, ಒಟ್ಟು ಇಪ್ಪತ್ತು. ಬೆಳೆ, ದನಕರು, ಆರೋಗ್ಯ, ಸಹಕಾರ ಸಂಘ, ಪಂಚಾಯತಿ ಹೀಗೆ ವಿಷಯಗಳು. ಕಾರ್ಯಕ್ರಮ ಮುಗಿದ ಕೂಡಲೇ ರೇಡಿಯೋ ಆರಿಸಿ ಚರ್ಚೆ. ಏನು ಮಾತಾಡಿದೆವು, ಏನು ಅರ್ಥವಾಗಲಿಲ್ಲ, ಏನು ಮಾಡಲು ನಿರ್ಧರಿಸಿದೆವು ಎಂದು ಸಂಚಾಲಕ ಬರೆದು ಕಳಿಸಬೇಕು. ಹಳ್ಳಿಗಳ ಪ್ರಶ್ನೆಗಳಿಗೆ ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಫೀಡ್‌ಬ್ಯಾಕ್ ಇಲ್ಲದೆ ಮುಂದಿನ ರಿಲೀಸ್ ಇಲ್ಲ.

ಈ ಪ್ರಯೋಗವನ್ನು ಅಳೆಯುವ ಕೆಲಸ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯದಾಗಿತ್ತು. ದೇವನಾರದಲ್ಲಿರುವ ಟಿಸ್ ಅದೇ. ಕೆಲಸದ ಮುಂದಾಳು ಪಾಲ್ ನ್ಯೂರಾತ್, ಅಮೆರಿಕದಿಂದ ಬಂದಿದ್ದ ಸಮಾಜಶಾಸ್ತ್ರಜ್ಞ. ಆತ ಹುಟ್ಟಿದ್ದು ಆಸ್ಟ್ರಿಯಾದಲ್ಲಿ. 1938ರಲ್ಲಿ ನಾಜಿಗಳು ಹಿಡಿದು ಮೊದಲು ಡಾಖಾವ್, ಆಮೇಲೆ ಬೂಖೆನ್‌ವಾಲ್ಡ್ ಶಿಬಿರದಲ್ಲಿ ಇಟ್ಟಿದ್ದರು. ಬಿಡುಗಡೆಯಾಗಿ ಸ್ವೀಡನ್ ಮೂಲಕ 1941ರಲ್ಲಿ ಅಮೆರಿಕ ಸೇರಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ರೇಡಿಯೋ ಸಂಶೋಧನೆಗೆ ಹೆಸರಾದ ಲಾಜರ್ಸ್‌ಫೆಲ್ಡ್ ಅವರ ಬಳಗದಲ್ಲಿ ಪಳಗಿದರು. ಒಂದು ರೇಡಿಯೋ ಒಂದು ದೇಶವನ್ನು ಎಲ್ಲಿಗೆ ಒಯ್ಯಬಲ್ಲದು ಎಂದು ಮೈಮೇಲೆ ಅನುಭವಿಸಿದ ಮನುಷ್ಯ, ರೇಡಿಯೋ ಇಟ್ಟುಕೊಂಡು ಹಳ್ಳಿಯ ಜನ ತಾವೇ ಯೋಚಿಸಬಲ್ಲರೇ ಎಂದು ನೋಡಲು ಮಹಾರಾಷ್ಟ್ರದ ಹಳ್ಳಿಗಳಿಗೆ ಬಂದರು.

ಅವರ ತಂಡ ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿತು: ರೇಡಿಯೋ ಮತ್ತು ಶ್ರೋತೃಕೂಟ ಎರಡೂ ಇದ್ದವು, ರೇಡಿಯೋ ಇದ್ದು ಕೂಟ ಇಲ್ಲದವು, ಎರಡೂ ಇಲ್ಲದವು. ಪ್ರಯೋಗದ ಮೊದಲು ಮತ್ತು ನಂತರ ಜನರಿಗೆ ಅದೇ ವಿಷಯಗಳ ಮೇಲೆ ಪ್ರಶ್ನೆ ಕೇಳಿದರು. ಕೂಟವಿದ್ದ ಹಳ್ಳಿಗಳಲ್ಲಿ ತಿಳುವಳಿಕೆ ಎದ್ದುಕಾಣುವಷ್ಟು ಹೆಚ್ಚಿತ್ತು. ರೇಡಿಯೋ ಮಾತ್ರ ಇದ್ದ ಹಳ್ಳಿಗಳು ರೇಡಿಯೋ ಇಲ್ಲದ ಹಳ್ಳಿಗಳಿಗಿಂತ ಹೆಚ್ಚೇನೂ ಮುಂದೆ ಹೋಗಿರಲಿಲ್ಲ. ಅಕ್ಷರ ಬಾರದವರೂ ಕೂಟದಲ್ಲಿ ಕೂತು ಕಲಿತಿದ್ದರು. ಊರಿನ ಕೆಲಸಗಳ ಬಗ್ಗೆ ಕೂಡಿ ಮಾತಾಡಿ ತೀರ್ಮಾನಕ್ಕೆ ಬರುವ ಅಭ್ಯಾಸ ಬೆಳೆಯಿತು, ಕೂಟವೇ ಹಳ್ಳಿಯ ಪ್ರಜಾಪ್ರಭುತ್ವದ ಒಂದು ಸಾಧನವಾಯಿತು ಎಂಬ ಅಭಿಪ್ರಾಯಕ್ಕೆ ನ್ಯೂರಾತ್ ಬಂದರು.

ಇದನ್ನು ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಬೇರೇನೂ ಓದಲಿಲ್ಲ. ನಾವು ಇಷ್ಟು ದಿನ ಕೇಳುತ್ತಿದ್ದ ಪ್ರಶ್ನೆ ಮಾಧ್ಯಮ ಯಾರ ಕೈಯಲ್ಲಿದೆ ಎಂಬುದು. ಅದು ದೊಡ್ಡ ಪ್ರಶ್ನೆಯೇ. ಆದರೆ 1956ರ ಆ ಹಳ್ಳಿಗಳು ಇನ್ನೊಂದು ಪ್ರಶ್ನೆ ಕೇಳುತ್ತವೆ: ಕೇಳಿದ ಮೇಲೆ ನೀವು ಯಾರ ಜೊತೆ ಕೂತು ಮಾತಾಡಿದಿರಿ?

ಪ್ರಯೋಗ ಗೆದ್ದಿತು. 1959ರಲ್ಲಿ ದೇಶಕ್ಕೆಲ್ಲ ಹರಡಿತು. ಕೂಟಗಳು ಸಾವಿರಾರಾದವು. ಹಾಗೆ ಹರಡುವಾಗಲೇ ತೆಳುವೂ ಆಯಿತು. ಐದು ಜಿಲ್ಲೆಯಲ್ಲಿ ಹಳ್ಳಿಹಳ್ಳಿಗೆ ಹೋಗಿ ಕೂಟಗಳನ್ನು ನೋಡಿಕೊಂಡ ಸಂಘಟಕರಿದ್ದರು. ದೇಶಮಟ್ಟದಲ್ಲಿ ಕೂಟಗಳ ಪಟ್ಟಿ ಬೆಳೆಯಿತೇ ಹೊರತು ಆ ಆರೈಕೆ ಬೆಳೆಯಲಿಲ್ಲ. ಪೈಲಟ್ ಗೆದ್ದು ರೋಲ್‌ಔಟ್ ಸೋತ ಯೋಜನೆಗಳನ್ನು ನಾವೆಲ್ಲ ಕಂಡವರೇ. ಆಮೇಲೆ ಟ್ರಾನ್ಸಿಸ್ಟರ್ ಬಂತು. ಪಂಚಾಯತಿ ಕಚೇರಿಯ ರೇಡಿಯೋ ಮುಂದೆ ಕೂತಿದ್ದವರು ಒಬ್ಬೊಬ್ಬರಾಗಿ ಹೊಲದ ಬದುವಿನಲ್ಲಿ ಕೂತು ಕೇಳತೊಡಗಿದರು. ಕೇಳುಗರು ಹೆಚ್ಚಾದರು, ಕೂಟಗಳು ಕರಗಿದವು.

ಯಾರ ಕೈಯಲ್ಲಿದೆ ಎಂಬ ಮೊದಲ ಪ್ರಶ್ನೆಗೆ ಕಹಿಯಾದ ಉತ್ತರ ಸಿಕ್ಕಿದ್ದು 1975ರ ಜೂನ್ 26ರ ಬೆಳಿಗ್ಗೆ. ತುರ್ತು ಪರಿಸ್ಥಿತಿಯ ಸುದ್ದಿಯನ್ನು ಇಂದಿರಾ ಗಾಂಧಿ ದೇಶಕ್ಕೆ ಹೇಳಿದ್ದು ಆಕಾಶವಾಣಿಯಲ್ಲಿ. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಲ್ಲೇ ಬಂಧಿತರಾಗಿ ಕೇಂದ್ರ ಕಾರಾಗೃಹ ಸೇರಿದರು. ಇಂದು ಆ ಜಾಗವೇ ಫ್ರೀಡಂ ಪಾರ್ಕ್. ಆ ಇಪ್ಪತ್ತೊಂದು ತಿಂಗಳು ದೇಶದ ಸುದ್ದಿ ತಿಳಿಯಲು ಜನ ಬಿಬಿಸಿ ಹಚ್ಚುತ್ತಿದ್ದರು. ಸರ್ಕಾರ ಕೇಳಿದಂತೆ ಹಾಡಲು ಒಪ್ಪದ ಕಿಶೋರ್ ಕುಮಾರರ ಹಾಡುಗಳು ವಿವಿಧ ಭಾರತಿಯಿಂದ ಮಾಯವಾದವು. ಆಲ್ ಇಂಡಿಯಾ ರೇಡಿಯೋ ಎಂಬುದನ್ನು ಜನ 'ಆಲ್ ಇಂದಿರಾ ರೇಡಿಯೋ' ಎಂದು ಆಡಿಕೊಂಡರು.

1977ರಲ್ಲಿ ಸರ್ಕಾರ ಬದಲಾದಾಗ ಪ್ರಸಾರ ಖಾತೆ ಬಂದದ್ದು ಬೆಂಗಳೂರಿನ ಜೈಲಿನಲ್ಲಿ ಕೂತಿದ್ದ ಆಡ್ವಾಣಿಯವರಿಗೆ. ಅವರು ನೇಮಿಸಿದ ಬಿ. ಜಿ. ವರ್ಗೀಸ್ ಸಮಿತಿ 1978ರಲ್ಲಿ 'ಆಕಾಶ ಭಾರತಿ' ಎಂಬ ಸ್ವತಂತ್ರ ರಾಷ್ಟ್ರೀಯ ಟ್ರಸ್ಟ್ ಬೇಕೆಂದಿತು. 1979ರ ಮಸೂದೆ ಆ ಶಿಫಾರಸನ್ನು ಸಾಕಷ್ಟು ಸಡಿಲಗೊಳಿಸಿತು. ಆಮೇಲೆ ಸರ್ಕಾರವೇ ಬಿತ್ತು, ಮಸೂದೆಯೂ ಹೋಯಿತು. ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ನಡುವೆ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳವೊಂದರಲ್ಲಿ, ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಎಂದು ಹೇಳಿತು. 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದ ಸರ್ಕಾರದ ಸ್ವತ್ತಿನಂತಿದ್ದದ್ದು ಕಾಗದದ ಮೇಲಾದರೂ ಜನರದ್ದಾಯಿತು.

ಆ ತೀರ್ಪನ್ನು ಅಕ್ಷರಶಃ ನಂಬಿದವರು ಕೋಲಾರ ಜಿಲ್ಲೆಯ ಬೂದಿಕೋಟೆಯವರು. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಬಂಗಾರಪೇಟೆ ತಾಲೂಕಿನ ಈ ಊರಿನಲ್ಲಿ, ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೋ ಬೆಂಬಲದಿಂದ, ಸ್ವಸಹಾಯ ಸಂಘಗಳ ಮಹಿಳೆಯರು ಮತ್ತು ಯುವಕರು 'ನಮ್ಮ ಧ್ವನಿ' ಶುರುಮಾಡಿದರು. ಜನರ ಗುಂಪಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ಆಗ ಪರವಾನಗಿ ಕೊಡುತ್ತಿರಲಿಲ್ಲ. ಅಲೆ ಕೊಡದಿದ್ದರೆ ತಂತಿ ಇದೆಯಲ್ಲ ಎಂದು 2003ರ ಹೊತ್ತಿಗೆ ಕೇಬಲ್ ಟಿವಿಯ ತಂತಿಯ ಮೂಲಕವೇ ಮನೆಗಳಿಗೆ ಧ್ವನಿ ಕಳಿಸಿದರು. ಕೃಷಿ, ಸಾಲ, ಮಕ್ಕಳ ಆರೋಗ್ಯ, ಊರಿನ ನೀರು: ಮಾತಾಡುವವರೂ ಕೇಳುವವರೂ ಅದೇ ಊರಿನವರು. ಅಂದರೆ ಕೂಟವೇ ರೇಡಿಯೋ ಆಯಿತು. ಇಂಥ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಸರ್ಕಾರ ಅನುಮತಿ ಕೊಟ್ಟದ್ದು 2006ರ ನವೆಂಬರಿನಲ್ಲಿ. ಆಗಲೂ ಒಂದು ಗೆರೆ ಎಳೆಯಿತು. ಸ್ವಂತ ಸುದ್ದಿ ಮತ್ತು ರಾಜಕೀಯ ಕೂಡದು. 2001ರಿಂದ ಬೆಂಗಳೂರಿನಲ್ಲಿ ಹಾಡುತ್ತಿರುವ ಖಾಸಗಿ ಎಫ್‌ಎಂಗಳಿಗೂ ತಮ್ಮದೇ ಸುದ್ದಿ ಹೇಳುವ ಹಕ್ಕಿಲ್ಲ. ಟಿವಿಯಲ್ಲಿ ಹಗಲೂ ರಾತ್ರಿ ಕೂಗಾಡಬಹುದು, ಮೊಬೈಲಿನಲ್ಲಿ ಏನನ್ನೂ ಹರಡಬಹುದು. ಒಂದು ಹಳ್ಳಿಯ ರೇಡಿಯೋ ಮಾತ್ರ ತನ್ನ ಪಂಚಾಯತಿಯ ಸುದ್ದಿ ಓದಬಾರದು.

ಹೀಗಾಗಿ ನನ್ನ ಸಹೋದ್ಯೋಗಿಯ ದುಃಖ ನಮಗೆ ಪೂರ್ತಿ ಅರ್ಥವಾಗುವುದು ಕಷ್ಟ. ಅವರಿಗೆ ಇದ್ದದ್ದು ಕೈತಪ್ಪುತ್ತಿದೆ. ಊರಿನ ಶಾಲಾ ಮಂಡಳಿಯ ಸುದ್ದಿ ಹೇಳುವ ಊರಿನ ರೇಡಿಯೋ ನಮಗೆ ಸಿಕ್ಕೇ ಇರಲಿಲ್ಲ. ಸಿಗದೆ ಇದ್ದುದರ ಕೊರತೆ ಗೊತ್ತಾಗುವುದಿಲ್ಲ.

ವಲಸೆ ಬಂದವರಿಗೆ ಈ ಕೊರತೆ ಇನ್ನೂ ಒಂದು ಪಟ್ಟು ಹೆಚ್ಚು. ಘಣಸೋಲಿಯ ಮೂಲ ಗಾಂವದ ಆಗ್ರಿ, ಕೋಳಿ ಜನರಿಗೆ ತಮ್ಮ ನಗರಸೇವಕ ಯಾರೆಂದು ಗೊತ್ತು, ಅವನ ಅಜ್ಜ ಯಾರೆಂದೂ ಗೊತ್ತು. ಸಿಂಪ್ಲೆಕ್ಸ್‌ನ ಮಾಥಾಡಿ ಕಾರ್ಮಿಕರಿಗೆ ತಮ್ಮ ಯೂನಿಯನ್ ಇದೆ. ಮಹಾಪೆ, ಐರೋಲಿಯ ಕಚೇರಿಗಳಿಗೆ ಹೋಗಿಬರುವ ನಾವು ಬೆಂಗಳೂರಿನ ಮೇಲ್ಸೇತುವೆಯ ಬಗ್ಗೆ ಖಾರವಾಗಿ ಮಾತಾಡುತ್ತೇವೆ, ಅಮೆರಿಕದ ಚುನಾವಣೆಯನ್ನು ರಾಜ್ಯವಾರು ಅಂಕಿಗಳೊಂದಿಗೆ ವಿವರಿಸುತ್ತೇವೆ. ನಮ್ಮ ಸೆಕ್ಟರಿನ ಮಾರುಕಟ್ಟೆ ಯಾಕೆ ಅರ್ಧಕ್ಕೆ ನಿಂತಿದೆ ಎಂದು ಕೇಳಿದರೆ ವಾಚ್‌ಮನ್ ಮುಖ ನೋಡುತ್ತೇವೆ. ಒಂದು ಭಾನುವಾರ ನಮ್ಮ ಕನ್ನಡ ಗೆಳೆಯರ ಕೂಟದಲ್ಲಿ ಕೇಳಿದೆ: ಇಲ್ಲಿನ ಮತದಾರರ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ? ಹದಿನೇಳು ಜನರಲ್ಲಿ ನಾಲ್ಕು ಕೈ ಎದ್ದವು. ನನ್ನ ಕೈ ಎದ್ದಿರಲಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲಿ ಇದ್ದೇನೆ. ನನ್ನ ಹೆಸರು ಇನ್ನೂ ಊರಿನಲ್ಲೇ ಇತ್ತು. ಅಲ್ಲಿಗೆ ಹೋಗಿ ಮತ ಹಾಕಿ ಎಷ್ಟೋ ಚುನಾವಣೆಗಳಾಗಿದ್ದವು.

ಎಲ್ಲರ ಕೈಯಲ್ಲೂ ಫೋನ್ ಇದೆ. ಎಲ್ಲರೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೇಳುತ್ತಲೇ, ನೋಡುತ್ತಲೇ ಇದ್ದೇವೆ. ನ್ಯೂರಾತ್ ಇಂದು ಬಂದರೆ ನಮ್ಮನ್ನು ಯಾವ ಬಗೆಯ ಹಳ್ಳಿಗೆ ಸೇರಿಸುತ್ತಿದ್ದರೆಂಬುದರಲ್ಲಿ ನನಗೆ ಅನುಮಾನವಿಲ್ಲ. ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿ.

ಆ ಭಾನುವಾರದ ನಂತರ ಎರಡು ಸಣ್ಣ ಕೆಲಸ ಮಾಡಿದೆವು. ಹೆಸರು ವರ್ಗಾಯಿಸುವ ಫಾರ್ಮ್ 8 ತುಂಬುವುದು ಹೇಗೆಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬರಿಗೊಬ್ಬರು ತೋರಿಸಿದೆವು. ಆರು ಜನ ಅಲ್ಲೇ ತುಂಬಿದರು, ನಾನೂ ಸೇರಿ. ಇನ್ನೊಂದು, ತಿಂಗಳಿಗೆ ಒಂದು ಸಂಜೆ ಒಂದೇ ಒಂದು ವಿಷಯ ಇಟ್ಟುಕೊಂಡು, ಕೂಟಕ್ಕೆ ಬರುವ ಮೊದಲೇ ಎಲ್ಲರೂ ಓದಿಕೊಂಡು ಅಥವಾ ಕೇಳಿಕೊಂಡು ಬಂದು, ಫೋನುಗಳನ್ನು ಬದಿಗಿಟ್ಟು ಮಾತಾಡುವುದು. ಮೊದಲ ವಿಷಯ ಪಾಲಿಕೆಯ ಬಜೆಟ್. ಅದು ಮರಾಠಿಯಲ್ಲಿತ್ತು. ಕೆಳಗಿನ ಮಹಡಿಯ ಸಾತಾರಾ ಕಡೆಯ ಹಿರಿಯರೊಬ್ಬರನ್ನು 'ಕಾಕಾ, ಸ್ವಲ್ಪ ಬಂದು ಅರ್ಥ ಹೇಳ್ತೀರಾ' ಎಂದು ಕರೆದೆವು. ಅವರು ಬಂದು ಎರಡು ಗಂಟೆ ಕೂತರು. ಎದ್ದು ಹೋಗುವಾಗ, ಮುಂದಿನ ತಿಂಗಳು ಯಾವ ವಿಷಯ ಎಂದು ಕೇಳಿದರು.